ಭುಜದ ಮಾತು ಕೇಳದ ಅರ್ಗಿರೊ

ಅರ್ಗಿರೊಳ ಗಂಡ ಥಾನಾಸಿಸನಿಗೆ ದೇವರು ತಲೆ ಕೊಟ್ಟಿದ್ದ. ಆದರೆ ಅವನು ಕೇಳುತ್ತಿದ್ದುದು ಎಡಭುಜದ ಮಾತನ್ನು. ಭುಜ ತುರಿಸಿತೆಂದರೆ ಅವನು ಮುಖಮಾಡಿ ನಿಂತ ದಿಕ್ಕಿನಲ್ಲಿ ಓಪಲ್ ಎಂಬ ಬಣ್ಣದ ರತ್ನ ಇದೆಯೆಂದೇ ಅರ್ಥ. ಕೂಬರ್ ಪೀಡಿ ಎಂಬ ಗಣಿಯೂರಿನ ಬಯಲಿನಲ್ಲಿ ಆ ಭುಜ ತುರಿಸಿದಲ್ಲೆಲ್ಲ ಅವನು ಪ್ರಾಯವಿಡೀ ಗುಂಡಿ ತೋಡಿದ್ದ. ಬೆಟ್ಟ ಅಗೆದು ಇಲಿ ಹಿಡಿದವರನ್ನು ಜನ ನೋಡಿ ನಗುತ್ತಾರೆ. ಇವನಿಗೆ ಇಲಿಯೂ ಸಿಕ್ಕಿರಲಿಲ್ಲ.

ವಯಸ್ಸಾಗಿ ಹೊರಗಿನ ಗಣಿಗೆ ಇಳಿಯಲಾಗದ ಮೇಲೆ ಭುಜ ಮನೆಯೊಳಗೇ ತುರಿಸತೊಡಗಿತು. ಆ ಊರಿನ ಮನೆಗಳು ಗುಡ್ಡದೊಳಗೆ ಕೊರೆದವು. ಊರೊಳಗೆ ಗಣಿ ತೋಡಕೂಡದೆಂದು ಕಾನೂನಿತ್ತು. ಮನೆಗೊಂದು ಕೋಣೆ ಹೆಚ್ಚಿಗೆ ಕೊರೆದುಕೊಳ್ಳಬಾರದೆಂದು ಇರಲಿಲ್ಲ. ಹಾಗಾಗಿ ಓಪಲಿನ ಆಸೆಯಿದ್ದವರಿಗೆಲ್ಲ ಇದ್ದಕ್ಕಿದ್ದಂತೆ ಮಲಗಲು ಜಾಗ ಸಾಲದೆ ಹೋಗುತ್ತಿತ್ತು. ಮಕ್ಕಳಿಲ್ಲದ ಥಾನಾಸಿಸ್ ಮಕ್ಕಳ ಕೋಣೆ ಕೊರೆದ. ಪುಸ್ತಕ ಮುಟ್ಟದವನು ಓದುವ ಕೋಣೆ ಕೊರೆದ. ಅತಿಥಿಗಳಿಗೆಂದು ಕೊರೆದ ಕೋಣೆಯಲ್ಲಿ ಬಂದು ತಂಗಿದ್ದು ಧೂಳೊಂದೇ. ಅದನ್ನು ಗುಡಿಸುವ ಕೆಲಸ ಅರ್ಗಿರೊಳದು.

ಅವಳಿಗೆ ಬೇರೆ ಕೆಲಸಗಳೂ ಇದ್ದವು. ಗಣಿಗಾರರ ಊಟದ ಮನೆಯಲ್ಲಿ ಮಧ್ಯಾಹ್ನದವರೆಗೆ ಅಡುಗೆ ಮಾಡಿ, ಬಿಸಿಲು ಇಳಿದ ಮೇಲೆ ಬಕೆಟ್ ಹಿಡಿದು ಊರಾಚೆಯ ಮಣ್ಣಿನ ರಾಶಿಗಳನ್ನು ಕೆದಕಲು ಹೋಗುತ್ತಿದ್ದಳು. ಗಂಡಸರು ಅವಸರದಲ್ಲಿ ಹೊರಗೆಸೆದ ಮಣ್ಣಿನಲ್ಲಿ ಬಣ್ಣದ ಚೂರುಗಳಿರುತ್ತಿದ್ದವು. ಅವನ್ನು ಆರಿಸಿ, ಬಣ್ಣ ಎದ್ದು ಕಾಣಲೆಂದು ಆಲಿವ್ ಕಾಯಿಯ ಹಳೆಯ ಜಾಡಿಯೊಂದರಲ್ಲಿ ನೀರು ತುಂಬಿ ಹಾಕಿಡುತ್ತಿದ್ದಳು. ಆ ಮನೆಯಲ್ಲಿ ಸಂಪಾದನೆಯೆಂದು ಕರೆಯಬಹುದಾದದ್ದು ಆ ಜಾಡಿಯೊಂದೇ.

ಈಗ ಅದಕ್ಕೆ ಎರಡು ದಾರಿ ತೆರೆದಿದ್ದವು. ದೂರದ ಕಡಲೂರು ಪೋರ್ಟ್ ಅಗಸ್ಟಾದಲ್ಲಿ ಮೀನು, ಆಲೂಗಡ್ಡೆ ಕರಿದು ಮಾರುವ ಅಂಗಡಿ ಇಟ್ಟಿದ್ದ ಚಿಕ್ಕಪ್ಪನ ಮಗಳು ಫೊಟಿನಿ, ಪಾಲಿಗೆ ಬಾ ಎಂದು ಅವಳನ್ನು ಕರೆದಿದ್ದಳು. ಈಸ್ಟರಿನೊಳಗೆ ಉತ್ತರ ಬಾರದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇನೆ ಎಂದೂ ಹೇಳಿದ್ದಳು. ಇನ್ನೊಂದು ದಾರಿಯನ್ನು ತೆರೆದವನು ಥಾನಾಸಿಸ್. ಅವನು ಒಂದು ಸಂಜೆ ಕಲ್ಲಂಗಡಿ ಹಣ್ಣು ಹೊತ್ತು ಹಾಡಿಕೊಂಡು ಮನೆಗೆ ಬಂದ. ಅವನು ಹಾಡಿಕೊಂಡು ಬಂದ ದಿನವೆಲ್ಲ ಮನೆಯಿಂದ ಏನಾದರೊಂದು ಹೋಗುತ್ತಿತ್ತು.

"ಅರ್ಗಿರೊ, ಈ ಸಲ ಆ ಜಾಡಿ ನನಗೆ ಬೇಕು."

"ಯಾಕೆ, ಉಪ್ಪಿನಕಾಯಿ ಹಾಕ್ತೀಯಾ?"

"ತಮಾಷೆ ಬೇಡ. ಈ ಅಡುಗೆಮನೆ ಗೋಡೆ ಹಿಂದೇನೇ ಇದೆ ಕಣೆ. ಭುಜ ನಿದ್ದೆ ಮಾಡೋಕೆ ಬಿಡ್ತಿಲ್ಲ. ಕೊರೆಯೋ ಯಂತ್ರ ಒಂದು ಬಾಡಿಗೆಗೆ ತಂದ್ರೆ ಮುಗೀತು."

"ಆ ಗೋಡೆ ಹಿಂದೆ ಇರೋದು ಪಕ್ಕದ್ಮನೆ ಮಿಲೊರಾದ್. ಅವನು ಬೆಳಗ್ಗೆ ಕೆಮ್ಮೋದು ನನಗೆ ಕೇಳುತ್ತೆ. ಅವನು ಮೆಣಸಿನಕಾಯಿ ಸುಟ್ರೆ ನನ್ನ ಕಣ್ಣಲ್ಲಿ ನೀರು ಬರುತ್ತೆ."

"ಕಲ್ಲೊಳಗೆ ಸದ್ದು ಎಲ್ಲಿಂದೆಲ್ಲೋ ಬರುತ್ತೆ. ನನ್ನ ಅನುಭವ ಎಷ್ಟು ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು. ಅದನ್ನ ಗುಡಿಸಿ ಹೊರಗೆ ಹಾಕಿದ್ದು ನಾನೇ ಅಲ್ವಾ."

ಅವಳು ಜಾಡಿ ಕೊಡಲಿಲ್ಲ. ಥಾನಾಸಿಸ್ ಹೋಗಿ ಗ್ರೀಕರ ಕ್ಲಬ್ಬಿನಲ್ಲಿ ದೂರು ಹೇಳಿದ. ಅಲ್ಲಿ ಕಾಫಿ ಕುಡಿದು ಕಾಲ ಕಳೆಯುವ ಪಂಡಿತರು, ಗಂಡಸಿನ ಒಳಮನಸ್ಸಿಗೆ ಹೆಂಗಸು ಅಡ್ಡ ಬರಬಾರದು ಎಂದು ತೀರ್ಪು ಕೊಟ್ಟರು. ಅವರ ಒಳಮನಸ್ಸುಗಳು ಅವರಿಗೆ ಕೊಡಿಸಿದ್ದು ಕ್ಲಬ್ಬಿನ ಕುರ್ಚಿಗಳನ್ನು ಮಾತ್ರ. ಅವುಗಳಲ್ಲೂ ಎರಡರ ಕಾಲು ಮುರಿದಿತ್ತು.

ಮಣ್ಣಿನ ರಾಶಿಯ ಮೇಲೆ ಕೂತು ಕೆದಕುತ್ತ ಅರ್ಗಿರೊ ತನ್ನನ್ನೂ ಬಿಡದೆ ವಿಚಾರಿಸಿಕೊಂಡಳು. ಹೊರಡು, ಹೊರಡು ಎಂದು ಅವಳ ಹೊಟ್ಟೆಯೊಳಗೂ ಏನೋ ಹೇಳುತ್ತಿತ್ತು. ಹಾಗಾದರೆ ಗಂಡನ ಭುಜಕ್ಕೂ ತನ್ನ ಹೊಟ್ಟೆಗೂ ಏನು ವ್ಯತ್ಯಾಸ?

ಅವಳ ಅಪ್ಪ ಕಲಿಮ್ನೋಸ್ ದ್ವೀಪದವನು, ಕಡಲಿನ ತಳಕ್ಕೆ ಮುಳುಗಿ ಸ್ಪಂಜು ಕೀಳುವವನು. ಕೆಲವು ದಿನ ದೋಣಿ ಹತ್ತಿದ ಮೇಲೆ, ಕಿವಿಯೊಳಗೆ ಏನೋ ಸರಿಯಿಲ್ಲ ಎಂದು ಮುಳುಗದೆ ಕೂತುಬಿಡುತ್ತಿದ್ದ. ದೋಣಿಯ ಯಜಮಾನ ಹೇಡಿ ಎಂದು ಬೈಯುತ್ತಿದ್ದ. ಆ ದಿನ ಮನೆಯಲ್ಲಿ ಊಟವೂ ಅರೆಬರೆ. ಅವನ ಜೊತೆಯವರು ಆಳಕ್ಕೆ ಮುಳುಗಿ ಎದ್ದದ್ದರಿಂದಲೇ ಒಬ್ಬೊಬ್ಬರಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಂಚ ಹಿಡಿದರು. ಅಪ್ಪ ಮುದುಕನಾಗುವವರೆಗೆ ನಡೆದಾಡಿದ. ಕಿವಿ ಅವನಿಗೆ ಬೇಡವಾದದ್ದನ್ನೇ ಹೇಳುತ್ತಿತ್ತು, ಆದರೂ ಕೇಳಿದ. ಥಾನಾಸಿಸನ ಭುಜ ಅವನಿಗೆ ಇಷ್ಟವಾದದ್ದನ್ನಲ್ಲದೆ ಬೇರೇನನ್ನೂ ಒಂದು ದಿನವೂ ಹೇಳಿದ್ದಿಲ್ಲ. ಅಂಥದ್ದಕ್ಕೆ ಒಳಮನಸ್ಸು ಎನ್ನುವುದಿಲ್ಲ, ನಾಲಗೆಯ ಚಪಲ ಎನ್ನುತ್ತಾರೆ.

ತನಗೋ, ಹೋಗಲು ಇಷ್ಟವೇ ಇರಲಿಲ್ಲ. ಉರಿಬೇಸಿಗೆಯಲ್ಲೂ ತಂಪಾಗಿರುವ ಮನೆ. ಕಲ್ಲಿನಲ್ಲಿ ತಾನೇ ನಿಂತು ಕೊರೆಸಿಕೊಂಡ ಕಪಾಟು. ಹೊಸ ಊರೆಂದರೆ ಭಯ. ಇಷ್ಟೆಲ್ಲ ಇದ್ದೂ ಹೊಟ್ಟೆ ಹೊರಡು ಎನ್ನುತ್ತಿದೆಯೆಂದರೆ ಅದರ ಮಾತನ್ನು ತೂಗಿ ನೋಡಬೇಕು ಅನ್ನಿಸಿತು. ಆದರೂ ಅವಳು ಕಾದಳು. ಗಂಡನೆಂಬ ಮಮಕಾರ, ಇನ್ನೇನು.

ಥಾನಾಸಿಸ್ ಕಾಯಲಿಲ್ಲ. ಸಿಕ್ಕಿದ್ದರಲ್ಲಿ ಪಾಲು ಕೊಡುತ್ತೇನೆಂದು ಯಾರನ್ನೋ ಒಪ್ಪಿಸಿ ಯಂತ್ರ ತಂದ. ಅವಳು ಬೇಳೆ ಬೇಯಿಸುತ್ತಿದ್ದಂತೆಯೇ ಗೋಡೆಗೆ ಹಚ್ಚಿದ. ಮನೆಯೆಲ್ಲ ಧೂಳಾಯಿತು. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಬದಲಾಯಿತು, ಗೋಡೆ ದಬದಬನೆ ಉದುರಿತು. ಆಚೆ ಬೆಳಕು ಕಂಡಿತು. ಬೆಳಕಿನಲ್ಲಿ ಮಿಲೊರಾದ್, ಬರೀ ಬನಿಯನ್ನಿನಲ್ಲಿ, ಬಾಣಲೆ ಹಿಡಿದು ನಿಂತಿದ್ದ.

"ನೆರೆಯವನೇ," ಅಂದ ಮಿಲೊರಾದ್, "ನಮ್ಮನೆಗೆ ಬಾಗಿಲಿದೆ. ಆ ಕಡೆ."

ಮಾನವಿದ್ದವನಾದರೆ ತಲೆ ತಗ್ಗಿಸುತ್ತಿದ್ದ. ಥಾನಾಸಿಸ್ ಮಿಲೊರಾದನನ್ನು ನೋಡಲೇ ಇಲ್ಲ. ಅವನ ಒಲೆಯ ಹಿಂದಿನ ಗೋಡೆಯನ್ನು ನೋಡುತ್ತಿದ್ದ. ಕೈ ತಾನಾಗಿ ಎಡಭುಜಕ್ಕೆ ಹೋಯಿತು.

"ಮಿಲೊರಾದ್, ಆ ಗೋಡೆ ಹಿಂದೆ ಏನಿದೆ?"

"ಗುಡ್ಡ."

"ಬರೀ ಗುಡ್ಡಾನಾ?"

ಮಿಲೊರಾದ್ ಬಾಣಲೆ ಕೆಳಗಿಟ್ಟ. ಹೋಗಿ ಗೋಡೆಯನ್ನು ಬೆರಳಿನಿಂದ ಬಡಿದ. "ನಿಜ ಹೇಳ್ಬೇಕಂದ್ರೆ, ಅಲ್ಲಿ ನಿಂತಾಗೆಲ್ಲ ನನ್ನ ಮಂಡಿ ಜುಮ್ ಅನ್ನುತ್ತೆ. ಯಾರಿಗೂ ಹೇಳಿರಲಿಲ್ಲ."

ಥಾನಾಸಿಸ್ ತೂತಿನಲ್ಲಿ ನುಸುಳಿ ಆಚೆ ಹೋದ. ಇಬ್ಬರೂ ಆ ಗೋಡೆಗೆ ಕಿವಿಗೊಟ್ಟು ನಿಂತರು, ಗೂಡು ಹುಡುಕುವ ಎರಡು ಮುದಿ ಗೂಬೆಗಳಂತೆ. ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿ ಅರ್ಗಿರೊಳ ಕಪಾಟಿನ ಮೇಲಿದ್ದ ಜಾಡಿಯನ್ನು ನೋಡಿದರು.

"ನೋಡು," ಅಂದ ಥಾನಾಸಿಸ್, "ಈಗ ಇಬ್ರಿಗೂ ಒಂದೇ ಅನ್ನಿಸ್ತಿದೆ. ಇನ್ನೇನು ಸಾಕ್ಷಿ ಬೇಕು?"

"ಸಾಕು. ಇಷ್ಟು ದಿನ ಒಂದು ತಲೆ ಖಾಲಿ ಅಂದ್ಕೊಂಡಿದ್ದೆ."

ಅವಳು ಒಲೆ ಆರಿಸಿದಳು. ಜಾಡಿಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು, ಮೇಲೆ ನಾಲ್ಕು ಬಟ್ಟೆ.

"ಎಲ್ಲಿಗೆ?"

"ಫೊಟಿನಿ ಹತ್ರ. ಬೇಳೆ ಬೆಂದಿದೆ. ತೂತಿಂದ ಅವನಿಗೂ ಒಂದು ತಟ್ಟೆ ದಾಟಿಸು."

"ಅರ್ಗಿರೊ, ಅಂಗಡಿ ನಡೆಯುತ್ತೆ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಡೀದೆ ಇದ್ರೂ ಗೋಡೆ ಮೈಮೇಲೆ ಬೀಳಲ್ಲ."

ಸಂಜೆಯ ಬಸ್ಸಿಗೆ ಹೊರಟಳು. ದಾರಿಯುದ್ದಕ್ಕೂ ಜಾಡಿಯ ನೀರು ಚೆಲ್ಲದಂತೆ ಚೀಲವನ್ನು ತೊಡೆಯ ಮೇಲೆ ಅವುಚಿ ಹಿಡಿದಿದ್ದಳು. ಪೋರ್ಟ್ ಅಗಸ್ಟಾ ತಲುಪಿ, ಚೂರುಗಳನ್ನು ಮಾರಿ, ಅಂಗಡಿಯಲ್ಲಿ ಪಾಲು ಕೊಂಡಳು. ಅದರ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದಳು. ಮೊದಮೊದಲು ಸೆಕೆಗೆ ನಿದ್ದೆ ಬರುತ್ತಿರಲಿಲ್ಲ.

ಅಂಗಡಿಯಲ್ಲಿ ಕೂತ ಮೊದಲ ವಾರವೇ ಮೀನು ಹಾಕುವವನು ಬಂದು ಪೆಟ್ಟಿಗೆ ಇಳಿಸಿ, ಇವತ್ತು ಬೆಳಗ್ಗೆ ಹಿಡಿದದ್ದು ಎಂದ. ಅರ್ಗಿರೊ ಬಾಗಿ ಮೂಸಿದಳು. ಒಂದು ಮೀನಿನ ಕಿವಿರು ಎತ್ತಿ ನೋಡಿ ಪೆಟ್ಟಿಗೆಯನ್ನು ಕಾಲಿನಿಂದ ಬಾಗಿಲ ಕಡೆ ತಳ್ಳಿದಳು.

ಫೊಟಿನಿ ಗಾಬರಿಯಾಗಿ ಅವಳ ತೋಳು ಹಿಡಿದಳು. "ಅಕ್ಕ, ಇವನು ಆರು ವರ್ಷದಿಂದ ನಮಗೆ ಹಾಕ್ತಿದ್ದಾನೆ."

"ಆರು ವರ್ಷದಿಂದ ನಿಂಗೆ ನೆಗಡಿಯಾ?"

ಅವನು ಹೊಸ್ತಿಲಲ್ಲಿ ನಿಂತು ಅವಳನ್ನು ಕೆಕ್ಕರಿಸಿ ನೋಡಿದ. ಅವಳು ಕೈ ಒರೆಸಿಕೊಂಡು ಆಲೂಗಡ್ಡೆ ಹೆಚ್ಚತೊಡಗಿದಳು. ಅವನು ವ್ಯಾನಿಗೆ ಹೋಗಿ ಇನ್ನೊಂದು ಪೆಟ್ಟಿಗೆ ತಂದ.