ಬ್ರೇಕ್ ಲೈಟು ಶಾಂತವಾದದ್ದು

ನಮ್ಮ ಮನೆಯಲ್ಲಿ ದೀಪ ಆರಿತು ಎನ್ನುವಂತಿಲ್ಲ, ಶಾಂತವಾಯಿತು ಎನ್ನಬೇಕು. ಟ್ಯೂಬ್‌ಲೈಟ್ ಆರಿಸುವುದಕ್ಕೂ ನನ್ನ ಗಂಡ “ಶಾಂತ ಮಾಡು” ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಅವರು ತೀರಿಕೊಂಡ ಮೇಲೆ ಕಾರನ್ನು ನಾನೇ ಓಡಿಸುತ್ತೇನೆ. ಮೊನ್ನೆ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಇಳಿದರೆ, ಕೀಲಿ ತೆಗೆದರೂ ಬ್ರೇಕ್ ಲೈಟು ಕೆಂಪಗೆ ಉರಿಯುತ್ತಲೇ ಇತ್ತು. ಹತ್ತಿರದ ಗ್ಯಾರೇಜಿನವನು ಪೆಡಲಿನ ಹತ್ತಿರ ತಲೆ ತೂರಿಸಿ ನೋಡಿ, ಒಂದಿಷ್ಟು ನೀಲಿ ರಬ್ಬರ್ ಚೂರು ತೆಗೆದು ನನ್ನ ಕೈಗಿಟ್ಟ.

“ಪೆಡಲ್ ಬಿಟ್ಟಾಗ ಸ್ವಿಚ್ ಒತ್ತೋ ರಬ್ಬರ್ ಇದು, ಅಕ್ಕಾರೆ. ಯಾರೋ ಹವಾಯಿ ಚಪ್ಪಲಿ ಕೊಯ್ದು ಹಾಕ್ಯಾರೆ. ಪುಡಿಯಾಗೈತೆ, ಅದಕ್ಕೇ ಲೈಟ್ ಹಂಗೇ ಉರೀತೈತೆ.”

ಯಾರೋ ಅಲ್ಲ, ನಮ್ಮ ಮನೆಯವರೇ. ನನ್ನ ಬಚ್ಚಲು ಚಪ್ಪಲಿಯ ಹಿಮ್ಮಡಿ ಮಾಯವಾದ ದಿನ, “ಹೆಗ್ಗಣ ಕಡಿದೈತೆ ಬಿಡು” ಎಂದು ನನ್ನ ಮುಖ ನೋಡದೆ ಹೇಳಿದ್ದರು. ಸುಳ್ಳ!

ಗ್ಯಾರೇಜಿನವನು ಹೊಸ ರಬ್ಬರ್ ಕೂರಿಸಿದ. ನನ್ನನ್ನು ಕಾರಿನ ಹಿಂದೆ ನಿಲ್ಲಿಸಿ, “ಆರಿತೇನ್ರಿ ಅಕ್ಕಾರೆ?” ಎಂದು ಒಳಗಿನಿಂದ ಕೂಗಿದ.

ಆರಿತ್ತು. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು, “ಶಾಂತ ಆತಪ್ಪ” ಎಂದೆ.

ನನ್ನ ದನಿ ಅವನಿಗೆ ಕೇಳಿಸಲಿಲ್ಲ. “ಯಾಕ್ರೀ, ಇನ್ನೂ ಉರೀತೈತಾ?” ಎಂದು ಮತ್ತೆ ಕೂಗಿದ.