ಬಾವ್‌ಚಿನ್ ಅಕ್ಕ ಹಿಡಿದುಕೊಟ್ಟ ಎಡಗಡೆಯ ಕೋಣೆ

ನಾನು ಕೊಡೆ ಮಾರುವವಳು. ನಮ್ಮ ತೈವಾನಿನ ಕೀಲುಂಗ್ ಬಂದರಿನಲ್ಲಿ ಕೊಡೆ ಮಾರುವವಳು ಉಪವಾಸ ಬಿದ್ದದ್ದನ್ನು ಯಾರೂ ಕಂಡಿಲ್ಲ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಸುರಿಯುವ ಊರು ಇದು. ಆದರೆ ಮೂವತ್ತು ವರ್ಷ ಅಂಗಡಿಯಲ್ಲಿ ಕೂತು ನನಗೊಂದು ಚಾಳಿ ಅಂಟಿಕೊಂಡಿದೆ. ಎದುರಿಗಿರುವವರು ಏನಾದರೂ ಮಾರಲು ಬಾಯಿ ತೆರೆದರೆ ಸಾಕು, ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕಲು ಶುರು. ಬಿಸಿಲಿಗೆ ಬಣ್ಣ ಹೋಗಲ್ಲ ಎಂದು ನಾನೇ ಎಷ್ಟು ಜನರಿಗೆ ಹೇಳಿಲ್ಲ! ಇಂಥ ನಾನು ಒಬ್ಬ ಟ್ರಾವೆಲ್ ಏಜೆಂಟಿನ ಗುಣಗಾನಕ್ಕೆ ಕೂತಿದ್ದೇನೆಂದರೆ ನನ್ನ ಅಣ್ಣ ಷೆಂಗ್‌ಫಾ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅವಳ ಹೆಸರು ಯೂ ಬಾವ್‌ಚಿನ್. ಅವಳ ಋಣ ನನ್ನ ತಲೆಯ ಮೇಲಿದೆ.

ಅಮ್ಮನಿಗೆ ಎಂಬತ್ತು ತುಂಬುವ ವರ್ಷ. ಎಲ್ಲರೂ ಸೇರಿ ಕ್ರೂಸ್ ಹಡಗಿನಲ್ಲಿ ಜಪಾನಿಗೆ ಹೋಗೋಣ ಎಂದು ಅಣ್ಣ ಹೇಳಿದ. ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು ಎಲ್ಲ ಲೆಕ್ಕ ಹಾಕಿದರೆ ಹನ್ನೊಂದು ತಲೆ. ಎಲ್ಲಿಗೆ ಕರೆದರೂ ಮಂಡಿನೋವು ಎಂದು ಮುದುಡಿ ಕೂರುವ ಅಮ್ಮ ಈ ಸಲ ಮಾತ್ರ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

"ಹಡಗಾದ್ರೆ ಬರ್ತೀನಿ. ಆದ್ರೆ ನಂಗೆ ಕಿಟಕಿ ಬೇಕು."

"ಕಿಟಕಿ ಯಾಕಮ್ಮ? ನಿಂಗೆ ಗಾಳಿ ಆಗಲ್ಲ" ಎಂದೆ.

"ಬೇಕು ಅಂದ್ರೆ ಬೇಕು."

ಏಜೆಂಟರನ್ನು ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೊದಲನೆಯವನು ನಾವು ಕೂರುವ ಮೊದಲೇ ಒಂದು ಸೂಟ್‌ಕೇಸು ಬಿಟ್ಟಿ ಕೊಡುತ್ತೇನೆ ಎಂದ. ಎರಡನೆಯವನು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಅಜ್ಜಿಗೆ ಕಿಟಕಿ ಯಾಕೆ ದುಡ್ಡು ದಂಡ? ಕೋಣೆ ಇರೋದು ಮಲಗೋಕೆ ತಾನೆ?" ಎಂದ. ಮೂರನೆಯವಳು ನಮ್ಮನ್ನೆಲ್ಲ ಮೂರು ಬೇರೆ ಬೇರೆ ಮಹಡಿಗೆ ಹಂಚಿ, ಇದೇ ಅಗ್ಗ ಎಂದಳು. ಅವಳಿಗೆ ಹತ್ತಿರಹತ್ತಿರ ಹ್ಞೂಂ ಅಂದಿದ್ದೆ. ಅಷ್ಟರಲ್ಲಿ ಪಕ್ಕದ ಅಂಗಡಿಯ ಮೀನುಂಡೆ ಮಾರುವವಳು, "ಬಂದರಿನ ಎದುರಿಗೆ ಬಾವ್‌ಚಿನ್ ಇದ್ದಾಳಲ್ಲ, ಅವಳನ್ನ ಕೇಳಿದ್ಯಾ? ಬಾಯಿ ಜೋರು, ಕೆಲಸ ಗಟ್ಟಿ" ಎಂದಳು.

ಬಾವ್‌ಚಿನ್ ಅಕ್ಕನ ಅಂಗಡಿ ಎರಡು ಮೇಜು ಹಿಡಿಸಿದರೆ ಹೆಚ್ಚು. ಗೋಡೆಯ ತುಂಬ ಹಡಗುಗಳ ನಕ್ಷೆ, ಪ್ರತಿ ನಕ್ಷೆಯ ಮೇಲೂ ಬಣ್ಣದ ಪೆನ್ಸಿಲಿನಲ್ಲಿ ಗೀಚು: ಇಲ್ಲಿ ಲಿಫ್ಟಿನ ಸದ್ದು, ಇದರ ಮೇಲೆ ಅಡುಗೆಮನೆ, ಇಲ್ಲಿ ಮಲಗಿದರೆ ಕೆಳಗಿನ ಮಹಡಿಯ ಕುಣಿತದ ಡೊಳ್ಳು ಕೇಳುತ್ತದೆ. ಅರವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ಕೆಂಪು ದಾರ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದಳು. ನಾನು ತಾರೀಖು, ಜನ, ಎಷ್ಟಕ್ಕೆ ಎಂದೆಲ್ಲ ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

"ನಿಮ್ಮಲ್ಲಿ ಎಲ್ಲರಿಗಿಂತ ನಿಧಾನ ನಡೆಯೋರು ಯಾರು?"

"ಅಮ್ಮ."

"ಅವರನ್ನ ಕರ್ಕೊಂಡು ಬಾ. ಅವರ ಜತೆ ಮಾತಾಡದೆ ನಾನು ಹಡಗು ಹೇಳಲ್ಲ."

"ಅಮ್ಮಂಗೇನು ಗೊತ್ತು? ಎಲ್ಲ ನೋಡ್ಕೊಳ್ಳೋಳು ನಾನು."

"ಅದಕ್ಕೇ ಕರ್ಕೊಂಡು ಬಾ ಅಂದಿದ್ದು" ಎಂದು ಅವಳು ಇನ್ನೊಬ್ಬರ ಫೋನು ಎತ್ತಿಕೊಂಡಳು. ನನಗೆ ಮೈ ಉರಿಯಿತು. ಆದರೂ ಮಾರನೆಯ ದಿನ ಅಮ್ಮನನ್ನು ಕರೆದುಕೊಂಡು ಹೋದೆ. ಮಾರಲು ಅವಸರವಿಲ್ಲದ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬಾವ್‌ಚಿನ್ ಅಕ್ಕ ಅಮ್ಮನನ್ನು ಅಂಗಡಿಯ ಮುಂದಿನ ಜಗಲಿಯಲ್ಲಿ ಹಣ್ಣಿನ ಗಾಡಿಯವರೆಗೆ ನಡೆಸಿ, ವಾಪಸು ಕರೆತಂದು, ಹೆಜ್ಜೆ ಎಣಿಸಿ ಬರೆದುಕೊಂಡಳು. ಲಿಫ್ಟಿನಿಂದ ಕೋಣೆ ಎಷ್ಟು ದೂರ ಇರಬಹುದು ಎಂಬ ಲೆಕ್ಕ ಅದು. ಆಮೇಲೆ ಬಿಸಿನೀರು ಕೊಟ್ಟು, ಪಕ್ಕದಲ್ಲಿ ಕೂತು ಕೇಳಿದಳು: "ಅಮ್ಮಾ, ಕಿಟಕಿಯಿಂದ ಏನು ನೋಡ್ಬೇಕು ನಿಮಗೆ?"

ನಾವು ಮೂವರು ಮಕ್ಕಳಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

ಅಮ್ಮ ಲೋಟ ತಿರುಗಿಸುತ್ತ, "ಪೆಂಗ್‌ಜಿಯಾ" ಎಂದಳು. "ನಮ್ಮೆಜಮಾನ್ರು ಅಲ್ಲಿ ದೀಪ ನೋಡ್ಕೋತಿದ್ರು. ಮೂವತ್ತೊಂದು ವರ್ಷ. ನಾನೊಂದು ಸಲನೂ ನೋಡಿಲ್ಲ."

ಪೆಂಗ್‌ಜಿಯಾ ನಮ್ಮೂರಿನಿಂದ ಉತ್ತರಕ್ಕೆ, ನಡುಸಮುದ್ರದಲ್ಲಿರುವ ಅಂಗೈಯಗಲದ ದ್ವೀಪ. ದೀಪಸ್ತಂಭ ಕಾಯುವವರು, ಹವಾಮಾನದವರು, ಪಹರೆಯವರು ಬಿಟ್ಟರೆ ಬೇರೆಯವರು ಕಾಲಿಡುವಂತಿಲ್ಲ, ಹೆಂಡತಿಗೂ ಅಪ್ಪಣೆಯಿರಲಿಲ್ಲ. ಅಪ್ಪ ತಿಂಗಳುಗಟ್ಟಲೆ ಅಲ್ಲಿ, ನಡುನಡುವೆ ಕೆಲವು ವಾರ ಮನೆಯಲ್ಲಿ. ಸಂಜೆ ದೀಪ ಹಚ್ಚಿದ ಮೇಲೆಯೇ ಅವರು ಊಟಕ್ಕೆ ಕೂರುತ್ತಿದ್ದರಂತೆ. ಮನೆಯಲ್ಲಿ ಅಮ್ಮನದೂ ಅದೇ ನೇಮ. ಹೊತ್ತು ಮುಳುಗುವಾಗ ಹಿಂಬಾಗಿಲಲ್ಲಿ ನಿಂತು ಎದುರಿನ ಗುಡ್ಡ ನೋಡುವಳು. ಸಮುದ್ರ ಗುಡ್ಡದ ಆಚೆ, ಏನೂ ಕಾಣುತ್ತಿರಲಿಲ್ಲ. ಆದರೂ ನೋಡಿ, ಒಳಗೆ ಬಂದು, "ಹಚ್ಚಿದ್ರು. ತಿನ್ನಿ" ಎನ್ನುವಳು. ಚಳಿಗಾಲದಲ್ಲಿ ಐದಕ್ಕೇ ಅನ್ನ, ಬೇಸಿಗೆಯಲ್ಲಿ ಏಳು ಹೊಡೆಯಲು ಬಂದರೂ ಇಲ್ಲ. ನಮ್ಮ ಮನೆಯಲ್ಲಿ ಹಸಿವಿಗೂ ಪಂಚಾಂಗ ಎಂದು ನಾನು ಸಾವಿರ ಸಲ ಗೊಣಗಿದ್ದೇನೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಅಮ್ಮ ಇಂದಿಗೂ ಆ ಹೊತ್ತಿಗೇ ಉಣ್ಣುತ್ತಾಳೆ.

"ಇದನ್ನ ನಮಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನೀವು ಕೇಳಿದ್ದು ಹಸಿ ಮೀನು ತಿಂತೀಯಾ ಅಂತ" ಎಂದಳು ಅಮ್ಮ.

ಬಾವ್‌ಚಿನ್ ಅಕ್ಕ ಆಗಲೇ ಖಾನೆಯಿಂದ ದಪ್ಪನೆಯ ಪುಸ್ತಕ ತೆಗೆದಿದ್ದಳು. ಹಡಗಿನಲ್ಲಿ ಹೋಗಿಬಂದ ಪ್ರತಿ ಗಿರಾಕಿಯನ್ನೂ ಅವಳು ಕೂರಿಸಿಕೊಂಡು, ಯಾವ ಕಡೆಯಿಂದ ಏನು ಕಂಡಿತು, ಎಷ್ಟು ಗಂಟೆಗೆ ಎಂದು ಕೇಳಿ ಬರೆದಿಡುತ್ತಾಳೆ. ಒಂದೊಂದು ಸಾಲಿನ ಕೊನೆಗೂ ಅದನ್ನು ಕಂಡವರ ಹೆಸರು. ಬೆರಳು ಓಡಿಸಿ, "ಓಕಿನಾವಾ ಹಡಗು ಬೇಡ" ಎಂದಳು. "ಅದು ಪೂರ್ವಕ್ಕೆ ತಿರುಗುತ್ತೆ, ಸಂಜೆಗೆ ಬರೀ ನೀರು ಕಾಣೋದು. ನಾಗಸಾಕಿಗೆ ಹೋಗೋದು ಹಿಡೀರಿ. ನಾಲ್ಕೂವರೆಗೆ ಬಿಟ್ರೆ ಕತ್ತಲಾಗೋ ಹೊತ್ತಿಗೆ ದ್ವೀಪ ಎಡಗಡೆ ಬರುತ್ತೆ. ಅಮ್ಮಂಗೆ ಎಡಗಡೆ ಬಾಲ್ಕನಿ ಕೋಣೆ, ಮಿಕ್ಕವರಿಗೆ ಕಿಟಕಿ ಇಲ್ಲದ ಅಗ್ಗದ್ದು ಸಾಕು. ಜುಲೈ ಮೊದಲ ವಾರ. ಆಗಸ್ಟಿಗೆ ಸತ್ತವರು ಓಡಾಡೋ ಭೂತಗಳ ತಿಂಗಳು ಬರುತ್ತೆ, ನಿಮ್ಮ ಸೊಸೆಯಂದಿರು ನೀರಿಗೆ ಇಳಿಯಲ್ಲ."

"ಮಳೆ ಬಂದ್ರೆ?" ಎಂದೆ.

"ಮಳೆ ನನ್ನ ಕೈಲಿಲ್ಲಮ್ಮ. ಅದು ಬರ್ಲಿ ಅಂತ ದಿನಾ ಹರಕೆ ಹೊರೋಳು ನೀನು."

ಟಿಕೆಟು ಮಾಡುವಾಗ ತನ್ನ ಫೋನ್ ನಂಬರು ಕೊಡಲು ಹೋದಳು. ನಾನು ಬಿಡಲಿಲ್ಲ. ಎಷ್ಟಾದರೂ ಏಜೆಂಟು, ಹಡಗಿನವರ ಸಂದೇಶ ನೇರ ನನಗೇ ಬರಲಿ ಎಂದು ನನ್ನ ನಂಬರು ಬರೆಸಿದೆ. ಅವಳು ನಕ್ಕಳು. ಆ ನಂಬರೇ ನನಗೆ ಮುಳುವಾಯಿತು.

ಹೊರಡಲು ಆರು ದಿನವಿರುವಾಗ ಸಂದೇಶ ಬಂತು: ನಿಮ್ಮ ಬಾಲ್ಕನಿ ಕೋಣೆಯ ಬದಲು ಅದಕ್ಕಿಂತ ದೊಡ್ಡ ಕೋಣೆ, ಪೂರ್ತಿ ಉಚಿತ, ಒಪ್ಪಿಗೆಯೇ? ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನನ್ನದು. ಪೂರ್ತಿ ಓದುವ ಮೊದಲೇ ಒಪ್ಪಿಗೆ ಒತ್ತಿಬಿಟ್ಟೆ. ಸಂಜೆ ಬಾವ್‌ಚಿನ್ ಅಕ್ಕನ ಅಂಗಡಿಗೆ ಹೋಗಿ ಹೆಮ್ಮೆಯಿಂದ ತೋರಿಸಿದೆ. ಅವಳು ಕನ್ನಡಕ ಏರಿಸಿ ನಂಬರು ನೋಡಿ, ನಕ್ಷೆ ನೋಡಿ, ನನ್ನ ಮುಖ ನೋಡಿದಳು.

"ಇದು ಬಲಗಡೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಗ ನಾನು ಸಂದೇಶವನ್ನು ಪೂರ್ತಿ ಓದಿದೆ. ದೀಪ ಹೊತ್ತಿಕೊಳ್ಳುವಾಗ ಅಮ್ಮ ಬಲಗಡೆಯ ದೊಡ್ಡ ಕೋಣೆಯಲ್ಲಿ ಖಾಲಿ ನೀರು ನೋಡುತ್ತ ಕೂತಿರುತ್ತಾಳೆ, ಅದೂ ನನ್ನ ಬಿಟ್ಟಿಯ ಆಸೆಗೆ.

ಮೇಲಿನ ಬಯಲು ಡೆಕ್ಕಿಗೆ ಕರೆದೊಯ್ಯಬಹುದಲ್ಲ ಎಂದೆ. "ಹತ್ತಿಸೋಕೆ ಲಿಫ್ಟಿದೆ. ಗಾಳಿಗೆ ನಿಲ್ಲೋಕೆ ಆ ಮಂಡಿಗೆ ಆಗಲ್ಲ" ಎಂದು ಅವಳು ಫೋನು ಹಿಡಿದಳು. ಹಡಗು ಕಂಪನಿಯ ಗುಮಾಸ್ತೆಗೆ ತಲೆ ಕೆಟ್ಟಿತು. ದೊಡ್ಡ ಕೋಣೆ ಬೇಡ ಎಂದು ಅಂಗಲಾಚುವ ಗಿರಾಕಿಯನ್ನು ಆಕೆ ಕಂಡಿರಲಿಲ್ಲ. ನಮ್ಮ ಹಳೆಯ ಕೋಣೆ ಆಗಲೇ ಬೇರೆಯವರಿಗೆ ಹೋಗಿತ್ತು. ಎಡಗಡೆ ಇನ್ನೊಂದು ಖಾಲಿಯಿರಲಿಲ್ಲ. ಯಾರಿಗೆ ಹೋಯಿತು ಎಂದು ಹೇಳುವಂತಿರಲಿಲ್ಲ. ಬಾವ್‌ಚಿನ್ ಅಕ್ಕ ತನಗೆ ಗೊತ್ತಿದ್ದ ಏಜೆಂಟರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿದಳು. ಎರಡು ದಿನ. ಅಂಗಡಿಯ ಬೇರೆ ಕೆಲಸ ಮೂಲೆಗೆ ಬಿತ್ತು. ಮೂರನೆಯ ದಿನ ಸು-ಆವ್ ಬಂದರಿನ ಏಜೆಂಟೊಬ್ಬ, ತನ್ನ ಗಿರಾಕಿಗಳಿಗೆ ಆ ಕೋಣೆ ಬಂದಿದೆ, ಹಳೆಯ ಮೀನುಗಾರರ ಮನೆ, ಅವರು ಒಪ್ಪಿದರೆ ನೀವು ಬಂದು ಮಾತಾಡಿ ಎಂದ.

ಅನಾನಸ್ ಬಿಸ್ಕತ್ತಿನ ಡಬ್ಬ ಹಿಡಿದು ಇಬ್ಬರೂ ರೈಲು ಹತ್ತಿದೆವು. ಮನೆಯ ಹಿರಿಯ, ಎಪ್ಪತ್ತೈದರ ಟುಂಗ್ ಮಾಮ, ಬಾಗಿಲ ಬಳಿ ಕೂತು ಚಹಾ ಬಸಿಯುತ್ತಿದ್ದ. ಮಾತೆಲ್ಲ ಅವನ ಸೊಸೆಯದು.

"ದೊಡ್ಡ ಕೋಣೆ ಬಿಟ್ಟು ಚಿಕ್ಕದು ಕೇಳ್ತಿದ್ದೀರಾ? ನಂಬರು ಎಷ್ಟು ಅದು?"

ನಂಬರಿನ ಕೊನೆಯಲ್ಲಿ ಎರಡು ನಾಲ್ಕುಗಳಿದ್ದವು. ನಾಲ್ಕು ನಮ್ಮವರಿಗೆ ಸಾವಿನ ಸಂಖ್ಯೆ. ಆಸ್ಪತ್ರೆಯಲ್ಲೂ ನಾಲ್ಕನೇ ಮಹಡಿ ಇಡುವುದಿಲ್ಲ.

"ನೋಡಿದ್ರಾ ಮಾವ! ಅಲ್ಲಿ ಯಾರಾದ್ರೂ ಸತ್ತಿರ್ಬೇಕು. ಸುಮ್ಮನೆ ಯಾರು ಬಿಟ್ಕೊಡ್ತಾರೆ?"

ನನ್ನ ಬಾಯಲ್ಲಿ ಒಂದು ಸುಳ್ಳು ಆಗಲೇ ತಯಾರಾಗಿತ್ತು. ಅಮ್ಮನಿಗೆ ಬಲಗಡೆ ಮಲಗಿದರೆ ತಲೆ ಸುತ್ತುತ್ತದೆ, ಹೀಗೆ ಏನೋ. ಬಾವ್‌ಚಿನ್ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ದ್ವೀಪ, ದೀಪ, ಮೂವತ್ತೊಂದು ವರ್ಷ, ಒಪ್ಪಿಗೆ ಒತ್ತಿದ ನನ್ನ ಬೆರಳು ಸಹಿತ.

ಮುದುಕ ಚಹಾದ ಕುಡಿಕೆ ಕೆಳಗಿಟ್ಟ.

"ಪೆಂಗ್‌ಜಿಯಾ ದೀಪ?" ನನ್ನ ಕಡೆ ತಿರುಗಿದ. "ನಿಮ್ಮಪ್ಪ ಯಾವಾಗಿಂದ ಯಾವಾಗಿನವರೆಗೆ ಇದ್ದದ್ದು?"

"ಅರವತ್ತೇಳರಿಂದ ತೊಂಬತ್ತೆಂಟು, ಮಾಮ."

"ನಾನು ಎಪ್ಪತ್ತೆರಡರಿಂದ ಅಲ್ಲಿ ಬಂಗಡೆ ಮೀನು ಹಿಡೀತಿದ್ದೆ. ಮಂಜು ಕವಿದ್ರೆ ಮನೆ ಯಾವ ದಿಕ್ಕಿಗೆ ಅಂತ ಹೇಳೋಕೆ ಅದೊಂದೇ ಇದ್ದದ್ದು." ನನಗೊಂದು ಕುಡಿಕೆ ಚಹಾ ಬಸಿದು ಮುಂದಿಟ್ಟ. "ಒಂದು ದಿನವೂ ತಡ ಮಾಡ್ಲಿಲ್ಲ ಕಣಮ್ಮ ನಿಮ್ಮಪ್ಪ. ಒಂದು ದಿನವೂ."

ಸೊಸೆ ಏನೋ ಹೇಳಲು ಬಂದಳು. "ನಾಲ್ಕಾಗ್ಲಿ ನಲವತ್ನಾಲ್ಕಾಗ್ಲಿ, ಆ ಕೋಣೇಲಿ ನಾನು ಮಲಗ್ತೀನಿ" ಎಂದು ಅವಳ ಬಾಯಿ ಮುಚ್ಚಿಸಿದ. "ತಗೊಳ್ಳಿ ಎಡಗಡೆ. ಆದ್ರೆ ದೀಪದ ಹೊತ್ತಿಗೆ ನನ್ನೂ ಒಳಗೆ ಬಿಟ್ಕೋಬೇಕು."

ವಾಪಸು ಬರುವ ರೈಲಿನಲ್ಲಿ ನಾನು ಅತ್ತೆ. ಬಾವ್‌ಚಿನ್ ಅಕ್ಕ ಕರವಸ್ತ್ರ ಕೊಟ್ಟು, "ಇನ್ಮೇಲೆ ಬಿಟ್ಟಿ ಅಂತ ಕಂಡ್ರೆ ಮೊದಲು ನಂಗೆ ಫೋನ್ ಮಾಡು" ಎಂದಳು.

ಹೊರಡುವ ಬೆಳಗ್ಗೆ ಮಳೆ. ಜನ್ಮದಲ್ಲಿ ಮೊದಲ ಸಲ ನಾನು ಮಳೆಗೆ ಶಾಪ ಹಾಕಿದೆ. ಮಧ್ಯಾಹ್ನಕ್ಕೆ ನಿಂತಿತು. ಬಾವ್‌ಚಿನ್ ಅಕ್ಕ ಹಡಗಿನ ಊಟ ಎಂಟು ಗಂಟೆಯ ಪಂಕ್ತಿಗೆ ಹಾಕಿಸಿದ್ದಳು. ಮೇಲಿನ ಭೋಜನಶಾಲೆಯಿಂದ ಅಮ್ಮನಿಗೆ ಮೆತ್ತಗಿನದು ಏನಾದರೂ ತಂದು ಆರೂವರೆಗೆ ಬಾಲ್ಕನಿಯಲ್ಲಿ ಇರಿ ಎಂದು ಚೀಟಿ ಬರೆದುಕೊಟ್ಟಿದ್ದಳು. ಕೆಳಗೆ ಒಂದು ಸಾಲು: ದೀಪ ಹೊತ್ತಿದ ನಿಮಿಷ ಗಡಿಯಾರ ನೋಡು, ಪುಸ್ತಕಕ್ಕೆ ಬೇಕು.

ಇಬ್ಬರಿಗೆಂದು ಮಾಡಿದ ಕೋಣೆಯಲ್ಲಿ ಹನ್ನೆರಡು ಜನ. ಮೊಮ್ಮಕ್ಕಳು ಮಂಚದ ಮೇಲೆ, ಅಣ್ಣ ಸ್ನಾನದ ಮನೆಯ ಬಾಗಿಲಲ್ಲಿ, ಅಮ್ಮ ಬಾಲ್ಕನಿಯ ಕುರ್ಚಿಯಲ್ಲಿ. ಅವಳ ಹಿಂದೆ ಇಸ್ತ್ರಿ ಅಂಗಿಯ ಟುಂಗ್ ಮಾಮ. ಎಲ್ಲರ ಕೈಯಲ್ಲೂ ತಟ್ಟೆ, ಯಾರೂ ಮುಟ್ಟಲಿಲ್ಲ. ಎಡಗಡೆ ಕಪ್ಪು ಗುಪ್ಪೆಯಂತೆ ದ್ವೀಪ ಎದ್ದಿತು. ಅದರ ತುದಿಯಲ್ಲಿ ಬಿಳಿ ಕಂಬ. "ಇಷ್ಟೇ ಇಷ್ಟು" ಎಂದಳು ಅಮ್ಮ. "ಇಷ್ಟೇ ಇಷ್ಟು ಜಾಗದಲ್ಲಿ ಹ್ಯಾಗಿದ್ರೋ."

ಬೆಳಕು ಒಮ್ಮೆ ಮಿನುಗಿತು. ಸ್ವಲ್ಪ ತಡೆದು ಇನ್ನೊಮ್ಮೆ.

ಟುಂಗ್ ಮಾಮ ಎರಡೂ ಕೈ ಜೋಡಿಸಿದ, ದೀಪಕ್ಕಲ್ಲ, ಅಮ್ಮನಿಗೆ. "ಅಕ್ಕಾ, ನಿಮ್ಮೆಜಮಾನ್ರಿಗೆ ಹೇಳ್ಬೇಕು ಅಂತ ಇತ್ತು. ಈಗ ನಿಮಗೆ ಹೇಳ್ತಿದೀನಿ" ಎಂದ. ಅಮ್ಮ ಅವನ ಕೈ ತಟ್ಟಿ, ನಮ್ಮ ಕಡೆ ತಿರುಗಿದಳು.

"ಹಚ್ಚಿದ್ರು. ತಿನ್ನಿ."

ತಿಂದೆವು. ಗೊಣಗಲಿಲ್ಲ.

ಊರಿಗೆ ಮರಳಿದ ಮಾರನೆಯ ದಿನ ಅಮ್ಮನೊಂದಿಗೆ ಬಾವ್‌ಚಿನ್ ಅಕ್ಕನ ಅಂಗಡಿಗೆ ಹೋದೆ. ನನ್ನಲ್ಲಿದ್ದ ಅತ್ಯುತ್ತಮ ಕೊಡೆ, ನಿಜವಾಗಿಯೂ ಬಣ್ಣ ಹೋಗದ್ದು, ಅವಳ ಮೇಜಿನ ಮೇಲಿಟ್ಟೆ. ಅವಳು ಅದನ್ನು ನೋಡಲೂ ಇಲ್ಲ, ಪುಸ್ತಕ ತೆಗೆದು, "ಎಷ್ಟು ಗಂಟೆಗೆ?" ಎಂದಳು. ನಾನು ತಲೆ ತಗ್ಗಿಸಿದೆ. ಅಳುತ್ತ ಗಡಿಯಾರ ಯಾರು ನೋಡುತ್ತಾರೆ?

"ಆರು ಐವತ್ತೊಂದು" ಎಂದಳು ಅಮ್ಮ. "ಎಡಗಡೆ. ಬರ್ಕೋ ಮಗಳೇ."

ಬಾವ್‌ಚಿನ್ ಅಕ್ಕ ಬರೆದಳು. ಸಾಲಿನ ಕೊನೆಗೆ ಕಂಡವರ ಹೆಸರು ಬರೆಯಲು ಪುಸ್ತಕವನ್ನು ಅಮ್ಮನ ಕಡೆ ತಿರುಗಿಸಿ, ಪೆನ್ನು ಕೊಟ್ಟಳು. ಅಮ್ಮ ನಿಧಾನವಾಗಿ, ಒಂದೊಂದೇ ಅಕ್ಷರ ತಿದ್ದಿ, ಅಪ್ಪನ ಹೆಸರು ಬರೆದಳು.