ಅತ್ತೆಯ ಸರ ನೀರಿಗಿಳಿದ ದಿನ

ನೆಲಮಂಗಲದ ಕನ್ನಡಕದಂಗಡಿಯಲ್ಲಿ ಒಮ್ಮೆ ನನ್ನ ಕನ್ನಡಕವನ್ನು ಪುಟ್ಟ ತೊಟ್ಟಿಯಂಥ ಯಂತ್ರದಲ್ಲಿ ಮುಳುಗಿಸಿದರು. ಗುಂಯ್ ಎಂದಿತು. ಸಂದಿಗಳಿಂದ ಕೊಳೆ ಹೊಗೆಯ ಹಾಗೆ ಎದ್ದು ಬಂತು. ನನಗೆ ಹುಚ್ಚೇ ಹಿಡಿಯಿತು! ಮನೆಗೆ ಬಂದವಳೇ ಅಂಥದ್ದೊಂದನ್ನು ಫೋನಿನಲ್ಲೇ ತರಿಸಿಕೊಂಡೆ. ಅಲ್ಟ್ರಾಸೋನಿಕ್ ಕ್ಲೀನರ್ ಎಂಬ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಒಗ್ಗಲಿಲ್ಲ. ಅದು ‘ಗುಂಯ್ ಡಬ್ಬಿ’ ಆಯಿತು.

ಆ ಭಾನುವಾರ ನಾವು ಬೇರೆ ಕೆಲಸವನ್ನೇ ಮಾಡಲಿಲ್ಲ. ನನ್ನ ಗಂಡ ಗಡಿಯಾರದ ಚೈನು ಮುಳುಗಿಸಿದ. ಮಾವ ಬಾಯಿಂದ ಹಲ್ಲಿನ ಸೆಟ್ಟನ್ನೇ ತೆಗೆದು ತಂದರು. ನಾನು ಮೇಷ್ಟರ ಗತ್ತಿನಲ್ಲಿ ಹೇಳುತ್ತಲೇ ಇದ್ದೆ: ನೀರಿಲ್ಲದೆ ಚಾಲೂ ಮಾಡಬೇಡಿ, ಓಡುವಾಗ ಬೆರಳು ಹಾಕಬೇಡಿ, ಸ್ಪಿರಿಟ್ಟು ಪೆಟ್ರೋಲು ಸುರಿಯಬೇಡಿ, ಮುತ್ತು, ಅಂಟಿಸಿದ ಕಲ್ಲು ಇರುವ ಒಡವೆ ಬೇಡ. ಬೊಚ್ಚುಬಾಯಲ್ಲಿ ಮಾವ ಏನೋ ಉತ್ತರ ಕೊಟ್ಟರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ಅತ್ತೆ ಮಾತ್ರ ದೂರ ನಿಂತು ತಮ್ಮ ಮಾಂಗಲ್ಯದ ಸರವನ್ನೇ ನೋಡಿಕೊಳ್ಳುತ್ತಿದ್ದರು. ಕೊಂಡಿಗಳ ಸಂದಿಯಲ್ಲಿ ಅರಿಶಿನ, ಸೋಪು ಕೂತು ಕಪ್ಪಾಗಿತ್ತು. ತಾಳಿ ಕೊರಳಿಂದ ಇಳಿಯಬಾರದೆನ್ನುವ ಮನೆ ನಮ್ಮದು. ಹೋದ ವರ್ಷ ಮಾವನ ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ಅತ್ತೆ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಹಾಲು ಉಕ್ಕುತ್ತದೆಂದು ನಾನು ಅಡುಗೆಮನೆಗೆ ಓಡಿದೆ. ಬಂದು ನೋಡಿದರೆ, ಹಲ್ಲು ತೊಳೆದ ನೀರು ಚೆಲ್ಲಿ ಹೊಸ ನೀರು ತುಂಬಿ, ಡಬ್ಬಿ ಚಾಲೂ ಮಾಡಿ, ಅತ್ತೆ ಕೊರಳಲ್ಲಿದ್ದ ತಾಳಿಯನ್ನು ಬೆರಳಲ್ಲಿ ಹಿಡಿದು ಹಾಗೆಯೇ ಅದರೊಳಕ್ಕೆ ಇಳಿಬಿಡುತ್ತಿದ್ದಾರೆ! ಕಲಗಚ್ಚಿಗೆ ಬಾಯಿ ಹಾಕಿದ ಹಸುವಿನಂತೆ ಬಗ್ಗಿದ್ದರು. ಹಾರಿ ಹೋಗಿ ಸ್ವಿಚ್ ಆರಿಸಿದೆ.

“ಅತ್ತೇ! ಬೆರಳು ಹಾಕ್ಬೇಡಿ ಅಂದಿಲ್ವಾ? ತಾಳಿ ಗುಂಡಿನೊಳಗೆ ಅರಗು ತುಂಬಿರ್ತಾರೆ, ಅದು ಸಡಿಲ ಆದ್ರೆ ಗುಂಡೇ ಹಾಳಾಗುತ್ತೆ.”

“ಕೊರಳಿಂದ ತೆಗೀಬಾರ್ದಲ್ಲ ಕಣೇ, ಇನ್ನೇನ್ ಮಾಡ್ಲಿ?” ಎಂದರು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

ಬರಿಯ ಚಿನ್ನದ ಸರ ಡಬ್ಬಿಗೆ ಹಾಕಬಹುದು, ತಾಳಿ ಗುಂಡುಗಳನ್ನು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು ಎಂದೆ. ಅಕ್ಕಸಾಲಿಗೆ ರಿಪೇರಿಗೆ ಕೊಟ್ಟಾಗ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ಅತ್ತೆಯ ಮುಖ ಚಿಕ್ಕದಾಯಿತು.

“ಅಷ್ಟರಲ್ಲಿ ಅವ್ರಿಗೇನಾದ್ರೂ ಆದ್ರೆ?”

ನಗು ನಿಂತಿತು. ವರ್ಷವಿಡೀ ಹೊತ್ತ ಭಯವನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನಗೆ ಅಳು ಬಂತು.

ಮಾವ ಹಲ್ಲು ಹಾಕಿಕೊಂಡು ಎದ್ದರು. ದೇವರ ಮನೆಯಿಂದ ಕೊಂಬು, ದಾರ ತಂದರು.

“ಬಾರೇ ಇಲ್ಲಿ. ಮದ್ವೆ ದಿನ ಕೈ ನಡುಗ್ತಿತ್ತು, ಇವತ್ತು ನೋಡು ಹೆಂಗ್ ಕಟ್ತೀನಿ.”

ಇವತ್ತೂ ನಡುಗಿತು. ಗಂಟು ಬೀಳುವಷ್ಟರಲ್ಲಿ ನನ್ನ ಗಂಡ ಅಡುಗೆಮನೆಯಿಂದ ಅಕ್ಕಿ ತಂದು ಎರಚಿದ. ನಾನು ಬಾಯಲ್ಲೇ ವಾಲಗ ಊದಿದೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹುಡುಗಿಯಂತೆ ನಕ್ಕರು. ಆಮೇಲೇ ಸರ ಬಿಚ್ಚಿ ಕೊಟ್ಟರು.

ಸರ ಫಳಫಳ ಹೊಳೆಯುತ್ತಾ ಹೊರಬಂತು. ಒರೆಸಿ, ತಾಳಿ ಪೋಣಿಸಿ, ನಾನೇ ಅವರ ಕೊರಳಿಗೆ ಹಾಕಿದೆ. ಅರಿಶಿನದ ದಾರ ಬಿಚ್ಚಲು ಹೋದಾಗ ಕೈ ಹಿಡಿದು ತಡೆದರು.

“ಇದಿರ್ಲಿ ಬಿಡೇ,” ಎಂದರು. “ಇದು ಅವ್ರು ಆಸ್ಪತ್ರೆಯಿಂದ ವಾಪಸ್ ಬಂದ್ಮೇಲೆ ಕಟ್ಟಿದ್ದು.”